ಉಪ್ಪಿಟ್ಟು ತಳ ಹಿಡಿದ ಗ್ರಾಮಸಭೆ

ಕೆಂಚನಕಟ್ಟೆಯಲ್ಲಿ ಗ್ರಾಮಸಭೆ ಅಂದರೆ ಜನಕ್ಕೆ ಮೊದಲು ನೆನಪಾಗುವುದು ರಸ್ತೆಯೂ ಅಲ್ಲ, ಚರಂಡಿಯೂ ಅಲ್ಲ, ಮಲ್ಲಾಜಮ್ಮನ ಉಪ್ಪಿಟ್ಟು. ಚಿಕ್ಕಯ್ಯನಛತ್ರದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಈ ಊರಿಗೆ ಆಕೆ ನರಸೀಪುರದ ಕಡೆಯಿಂದ ಸೊಸೆಯಾಗಿ ಬಂದವಳು. ಬರುವಾಗ ಒಡವೆ ಎಷ್ಟು ತಂದಳೋ ಯಾರಿಗೂ ನೆನಪಿಲ್ಲ. ಉಪ್ಪಿಟ್ಟು ಮಾಡುವ ಕೈ ತಂದಳು ಅನ್ನುವುದು ಮಾತ್ರ ಊರಿಗೆಲ್ಲ ಗೊತ್ತು. ಊರಿಗೆ ಊರೇ ತಿನ್ನುವಷ್ಟು ಮಾಡಿದರೂ ಒಂದು ಗಂಟಿರುವುದಿಲ್ಲ, ತಳ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ.

ಸಭೆ ನಡೆಯುವುದು ಸಮುದಾಯ ಭವನದಲ್ಲಿ. ಮುಂದುಗಡೆ ಮೈಕು, ಮೇಜು, ಕುರ್ಚಿ, ಗಂಡಸರು. ಹಿಂದುಗಡೆ ತಗಡಿನ ಶೀಟು ಹಾಕಿದ ಜಾಗದಲ್ಲಿ ಒಲೆ, ಹೊಗೆ, ಸ್ತ್ರೀಶಕ್ತಿ ಸಂಘದ ಹೆಂಗಸರು. ಈರುಳ್ಳಿ ಹೆಚ್ಚುವಷ್ಟರಲ್ಲಿ ಪಂಚಾಯ್ತಿಯವನೊಬ್ಬ ಹಾಜರಾತಿ ಪುಸ್ತಕ ಹಿಡಿದು ಹಿಂದಕ್ಕೇ ಬರುತ್ತಿದ್ದ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ರುಜು ಹಾಕುತ್ತಿದ್ದರು. ಅವನು ಹೋಗುತ್ತಿದ್ದ, ಇವರು ರವೆ ಹುರಿಯುತ್ತಿದ್ದರು. ಸಭೆ ಮುಗಿದ ಮೇಲೆ ಯಾರಾದರೂ ಏನು ಮಾತಾಯಿತು ಅಂತ ಕೇಳಿದರೆ ಮಲ್ಲಾಜಮ್ಮನ ಉತ್ತರ ಒಂದೇ.

"ಒಗ್ಗರಣೆ ಸದ್ದಲ್ಲಿ ಏನೂ ಕೇಳಿಸ್ನಿಲ್ಲ ಕಣ್ರೀ."

ಆ ಅಡುಗೆಗೂ ಒಂದು ಪದ್ಧತಿ ಇತ್ತು. ಸೌದೆ ತರುವುದು, ನೀರು ತುಂಬುವುದು, ಕೊನೆಗೆ ಉಪ್ಪಿಟ್ಟು ಮಾಡಿದ ದಬರಿ ಉಜ್ಜುವುದು ಕೆಳಗಿನ ಬೀದಿಯ ಪುಟ್ಟಮಾದಮ್ಮನ ಪಾಲು. ಸೌಟು ಮಾತ್ರ ಆಕೆಯ ಕೈಗೆ ಬಂದದ್ದಿಲ್ಲ. ಮುಟ್ಟಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆಕೆಯೂ ಕೇಳಿರಲಿಲ್ಲ. ಕೆಲಸವಿಲ್ಲದಾಗ ನಲ್ಲಿ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂರುತ್ತಿದ್ದಳು, ಅಲ್ಲಿಗೇ ಆಕೆಯ ತಟ್ಟೆ ಹೋಗುತ್ತಿತ್ತು. ಮಲ್ಲಾಜಮ್ಮ ಕೆಟ್ಟವಳೇನಲ್ಲ. ನಡೆದುಕೊಂಡು ಬಂದಿದ್ದನ್ನು ನಡೆಸಿಕೊಂಡು ಹೋಗುತ್ತಿದ್ದಳು, ಅದರ ಮೇಲೆ ಯೋಚನೆಯನ್ನೇ ಮಾಡಿರಲಿಲ್ಲ.

ಯೋಚನೆ ಮಾಡುವ ಕಾಲ ಮಗಳಿಂದ ಬಂತು. ಬಿಂದುಶ್ರೀ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿ ಚುರುಕು. ಮುಂದಿನ ತಿಂಗಳಿಂದ ಲೈನ್ ಲೀಡರ್ ಮಾಡುತ್ತೇವೆ ಅಂತ ಮೇಲಿನವರು ಹೇಳಿದ ದಿನ ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಪುಟ್ಟಮಾದಮ್ಮನ ಮಗಳು ಮಹದೇವಿಯೂ ಅದೇ ಕಾರ್ಖಾನೆ, ಅದೇ ಬಸ್ಸು. ಬಸ್ಸು ಇವರನ್ನು ಮುಖ್ಯರಸ್ತೆಯ ನಾಲೆ ಸೇತುವೆಯ ಹತ್ತಿರ ಇಳಿಸಿ ಹೋಗುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅಲ್ಲಿಂದ ಊರಿಗೆ ನಾಲೆ ಏರಿಯ ಮೇಲೆ ನಡೆಯಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಒತ್ತೊತ್ತಾಗಿ ಬೆಳೆದ ಬಾಳೆ ತೋಟ. ಕಂಬಗಳೇನೋ ಇದ್ದವು. ಬಲ್ಬು ಮಾತ್ರ ಒಂದಕ್ಕೂ ಇರಲಿಲ್ಲ.

ಒಂದು ಸಂಜೆ ಹಿಂದಿನಿಂದ ದೀಪ ಆರಿಸಿಕೊಂಡು ಒಂದು ಬೈಕು ಬಂತು. ಹಿಂದೆ ಕೂತವನು ಬಿಂದುಶ್ರೀಯ ವೇಲು ಹಿಡಿದು ಎಳೆದ. ಇಬ್ಬರೂ ನಗಾಡಿಕೊಂಡು ಹೋದರು, ಕತ್ತಲಲ್ಲಿ ಮುಖ ಕಾಣಲಿಲ್ಲ. ಹುಡುಗಿಯರಿಬ್ಬರೂ ಬಿದ್ದು ಎದ್ದು ಓಡಿ ಮನೆ ಸೇರಿದರು. ಬಿಂದುವಿನ ಮೊಣಕೈ ತರಚಿ ರಕ್ತ ಬಂದಿತ್ತು.

ಬಿಂದುವಿನ ಅಪ್ಪ ಬೆಟ್ಟಸ್ವಾಮಿ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವನೇ ತೀರ್ಮಾನ ಹೇಳಿಬಿಟ್ಟ.

"ಈ ತಿಂಗ್ಳು ಮುಗೀಲಿ, ಆಮೇಲೆ ಮನೇಲಿರು ಕಣಮ್ಮಿ. ನಂಗೇನು ಖುಷಿ ಅನ್ಕೊಂಡ್ಯಾ? ಬಸ್ಸು ಬರೋ ಒತ್ಗೆ ಡೈರಿಗೆ ಹಾಲ್ ಆಕ್ಬೇಕು. ದಿನಾ ಬಂದು ಸೇತುವೆ ತಾವ ನಿಂತ್ಕಳಕ್ಕೆ ಆದದಾ?"

"ತಪ್ಪು ಮಾಡಿರೋರು ಅವ್ರು. ಮನೇಲಿ ಕೂರೋದು ಮಾತ್ರ ನಾನಾ ಅಪ್ಪಾಜಿ?"

ಬೆಟ್ಟಸ್ವಾಮಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೊರಟುಹೋದ. ಬಿಂದು ಅವ್ವನ ಮುಖ ನೋಡಿದಳು. ಅವ್ವ ಒಲೆಯ ಕಡೆ ತಿರುಗಿಕೊಂಡಳು. ಗಂಡ ಹೇಳಿದ್ದು ಸರಿ ಅನ್ನಿಸುತ್ತಿತ್ತು, ಮಗಳು ಕೇಳಿದ್ದೂ ಸರಿ ಅನ್ನಿಸುತ್ತಿತ್ತು. ಮಲ್ಲಾಜಮ್ಮನಿಗೆ ಅವತ್ತು ಸಂಕಟವಾಯಿತು.

ದಿನವೂ ಹಾಲು ಕೊಡುವ ಮನೆಗಳಲ್ಲಿ ವೆಂಕಟಲಕ್ಷ್ಮಿ ಟೀಚರ ಮನೆಯೂ ಒಂದು. ನಂಜನಗೂಡಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾಗಿ ದೇವಸ್ಥಾನದ ಬೀದಿಯ ಮನೆಯಲ್ಲಿ ಇದ್ದರು. ಐದಾರು ದಿನ ಒಳಗೇ ಇಟ್ಟುಕೊಂಡು, ಒಂದು ಬೆಳಿಗ್ಗೆ ಹಾಲಿನ ಜೊತೆ ಮಲ್ಲಾಜಮ್ಮ ತನ್ನ ಸಂಕಟವನ್ನೂ ಅವರ ಪಾತ್ರೆಗೆ ಸುರಿದಳು.

"ಅಲ್ಲ ಮಲ್ಲಾಜಮ್ಮ," ಅಂದರು ಟೀಚರು, "ಬೀದಿ ದೀಪ ಹಾಕಿಸೋದು ಪಂಚಾಯ್ತಿ ಕೆಲಸ. ಗುರುವಾರ ಗ್ರಾಮಸಭೆ ಇದೆ. ಎದ್ದು ನಿಂತು ಕೇಳಿ."

"ನಾನಾ? ಅಲ್ಲಿ ಉಪ್ಪಿಟ್ಟು ಯಾರು ಮಾಡೋರು?"

ಟೀಚರಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ನೀವು ಸಭೆಗೆ ಹೋಗಿದ್ದೀರೋ, ಉಪ್ಪಿಟ್ಟಿಗೆ ಹೋಗಿದ್ದೀರೋ?"

"ಸಭೆಗೇ ಕಣಮ್ಮ. ರುಜು ಆಕಿದೀನಲ್ಲ."

"ಅದೇ ಎಡವಟ್ಟು. ಹೆಂಗಸರು ಇಷ್ಟು ಪಾಲು ಇರಲೇಬೇಕು, ಇಲ್ಲದಿದ್ದರೆ ಗ್ರಾಮಸಭೆ ನಡೆಸೋ ಹಾಗಿಲ್ಲ ಅಂತ ಕಾನೂನಿದೆ. ಆ ಲೆಕ್ಕ ತುಂಬಿಸೋಕೆ ನಿಮ್ಮ ರುಜು ಬೇಕು. ರುಜು ಒಳಗೆ ಹೋಗುತ್ತೆ, ನೀವು ಒಲೆ ಮುಂದೆ ಉಳೀತೀರಿ. ಸಭೇಲಿ ನೀವೂ ಇದ್ದು ಒಪ್ಪಿದ್ದೀರಿ ಅಂತ ಬರ್ಕೋತಾರೆ."

ಮಲ್ಲಾಜಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. ಈ ಮಾತು ಆಕೆಗೆ ಹೊಸದು.

"ನಾವು ಮೆಂಬರಲ್ಲ, ಏನಲ್ಲ. ನಮ್ ಮಾತು ಯಾರು ಕೇಳಾರು?"

"ಓಟರ್ ಲಿಸ್ಟಲ್ಲಿ ಹೆಸರಿರೋರೆಲ್ಲ ಗ್ರಾಮಸಭೆಯೋರೇ. ನೀವು, ನಿಮ್ಮೋರು, ಕೆಳಗಿನ ಬೀದಿಯೋರು, ನಾನು, ಎಲ್ಲರೂ. ಐದು ವರ್ಷಕ್ಕೊಮ್ಮೆ ಓಟು ಹಾಕಿ ಸುಮ್ಮನಾಗೋದಲ್ಲ ಅದು. ಯಾವ ಬೀದಿಗೆ ದೀಪ, ಯಾವ ಕೇರಿಗೆ ನೀರು ಅನ್ನೋದನ್ನ ಕೂತು ಹೇಳೋ ಜಾಗ. ಅಲ್ಲಿ ಬಾಯಿ ಬಿಡದಿದ್ದರೆ ಬಾಯಿ ಬಿಟ್ಟವರ ಬೀದೀಲಿ ಮಾತ್ರ ದೀಪ ಉರಿಯುತ್ತೆ."

"ಉಡ್ಗಿ ವೇಲು ಎಳುದ್ರು ಅಂತ ಎಲ್ಲರ ಮುಂದೆ ಯೋಳುದ್ರೆ ನಮ್ ಮರ್ವಾದೆ ಓಯ್ತದೆ ಟೀಚರಮ್ಮ."

"ಎಳೆದವರ ಮರ್ಯಾದೆ ಹೋಗಬೇಕು. ನಿಮ್ಮದು ಯಾಕೆ ಹೋಗುತ್ತೆ?" ಅಂದ ಟೀಚರು ದನಿ ತಗ್ಗಿಸಿದರು. "ಒಬ್ಬರೇ ಕೇಳಬೇಡಿ. ಒಬ್ಬರು ಕೇಳಿದರೆ ಅದು ಮಲ್ಲಾಜಮ್ಮನ ಮನೆ ವಿಷಯ ಆಗುತ್ತೆ. ಬಿಂದು ಜೊತೆ ಮಹದೇವಿನೂ ಬರ್ತಾಳಲ್ಲ, ಅವಳ ತಾಯೀನೂ ಕರ್ಕೊಳ್ಳಿ."

ಪುಟ್ಟಮಾದಮ್ಮನ ಮನೆಗೆ ಹೋಗುವುದೇ? ಕೆಳಗಿನ ಬೀದಿಗೆ ಆಕೆ ಯಾವತ್ತೂ ಕಾಲಿಟ್ಟವಳಲ್ಲ. ನೋಡುವಾ ಅಂತ ತೇಲಿಸಿ ಮಲ್ಲಾಜಮ್ಮ ಮನೆಗೆ ಬಂದಳು.

ಆದರೆ ಮನಸ್ಸು ತಡೆಯಲಿಲ್ಲ. ಆ ದಾರಿ ಹೇಗಿದೆ ಅಂತ ಒಮ್ಮೆ ತಾನೇ ನೋಡಿಬಿಡೋಣ ಅಂತ ಸಂಜೆ ಹಾಲು ಕರೆಯುವ ಕೆಲಸವನ್ನು ಗಂಡನಿಗೆ ಒಪ್ಪಿಸಿ ನಾಲೆ ಏರಿ ಹಿಡಿದು ಸೇತುವೆಗೆ ಹೋದಳು. ಅಲ್ಲಿ ಸೇತುವೆ ಕಟ್ಟೆಯ ಮೇಲೆ ಟಾರ್ಚು ಹಿಡಿದುಕೊಂಡು ಯಾರೋ ಆಗಲೇ ಕೂತಿದ್ದರು. ಪುಟ್ಟಮಾದಮ್ಮ.

"ನೀನೇನಮ್ಮಿ ಇಲ್ಲಿ?"

"ಅವತ್ತಿಂದ ದಿನಾ ಬತ್ತಿವ್ನಿ ಅಮ್ಮೋರೆ. ಕೂಲಿ ಮುಗ್ಸಿ ಇಂಗೇ ಬಂದು ಕೂತ್ಕತೀನಿ. ಎರಡೂ ಮಕ್ಳನ್ನ ಕರ್ಕೊಂಡು, ನಿಮ್ ಬಿಂದವ್ವನ್ನ ನಿಮ್ ಬೀದಿ ತಿರುವಲ್ಲಿ ಬುಟ್ಟು ಓಯ್ತೀನಿ."

ಮಲ್ಲಾಜಮ್ಮ ಆ ಟಾರ್ಚನ್ನೇ ನೋಡಿದಳು. ತನ್ನ ಮಗಳು ಇಷ್ಟು ದಿನ ಕ್ಷೇಮವಾಗಿ ಮನೆಗೆ ಬರುತ್ತಿದ್ದದ್ದು ಈಕೆಯ ಟಾರ್ಚಿನ ಬೆಳಕಿನಲ್ಲಿ. ಅದು ತನಗೆ ಗೊತ್ತೇ ಇಲ್ಲ. ಕಟ್ಟೆಯ ಮೇಲೆ ಪುಟ್ಟಮಾದಮ್ಮನ ಪಕ್ಕದಲ್ಲೇ ಕೂತಳು. ಪುಟ್ಟಮಾದಮ್ಮ ಅಭ್ಯಾಸಬಲದಿಂದ ಒಂದು ಮೊಳ ಆಚೆ ಸರಿದಳು. ಮಲ್ಲಾಜಮ್ಮನಿಗೆ ಅದೂ ಚುಚ್ಚಿತು.

ಬಸ್ಸು ಬಂತು. ಹುಡುಗಿಯರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಇಳಿದರು. ಬಿಂದುವಿನ ಟಿಫನ್ ಬಾಕ್ಸು ಮಹದೇವಿಯ ಕೈಯಲ್ಲಿ, ಮಹದೇವಿಯ ಬಾಕ್ಸು ಬಿಂದುವಿನ ಚೀಲದಲ್ಲಿ. ಅವ್ವನನ್ನು ನೋಡಿ ಬಿಂದು ಬೆಪ್ಪಾದಳು. ನಾಲ್ವರೂ ಹೊರಟರು.

ದಾರಿಯ ನಡುವೆ ಟಾರ್ಚು ಮಿಣುಕಿ ಆರಿತು. ಕತ್ತಲು ಅಂದರೆ ಹೇಗಿರುತ್ತದೆ ಅಂತ ಮಲ್ಲಾಜಮ್ಮನಿಗೆ ಅವತ್ತು ತಿಳಿಯಿತು. ಬಾಳೆ ಎಲೆ ಅಲ್ಲಾಡಿದರೂ ಯಾರೋ ಬಂದ ಹಾಗೆ. ಅಷ್ಟರಲ್ಲಿ ನಾಲೆಯೊಳಕ್ಕೆ ಏನೋ ದೊಪ್ಪನೆ ಬಿತ್ತು. ಮಲ್ಲಾಜಮ್ಮ "ಅಯ್ಯೋ ನಂಜುಂಡಪ್ಪ" ಅಂತ ಪಕ್ಕದಲ್ಲಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಪ್ಪೆ ಅಮ್ಮೋರೆ," ಅಂದಳು ಪುಟ್ಟಮಾದಮ್ಮ. "ಅದೂ ನಿಮ್ ಕಂಡು ಎದ್ರುಕೊಂಡದೆ."

ಹುಡುಗಿಯರು ಕಿಸಕ್ಕನೆ ನಕ್ಕರು. ಪುಟ್ಟಮಾದಮ್ಮನೂ ನಕ್ಕಳು. ಮಲ್ಲಾಜಮ್ಮ ಮೊದಲು ಮುಖ ಸಿಂಡರಿಸಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಹಿಡಿದ ಕೈಯನ್ನು ಮಾತ್ರ ಊರು ಸಿಗುವ ತನಕ ಬಿಡಲಿಲ್ಲ. ಬೀದಿ ತಿರುವಿನಲ್ಲಿ ನಿಂತು ಕೇಳಿದಳು.

"ಗುರುವಾರ ಸಭೇಲಿ ದೀಪ ಕೇಳವಾ ಅಂತಿವ್ನಿ. ನನ್ ಜೊತೇಲಿ ಬತ್ತೀಯಾ?"

"ಸೌದೆ ತರಕ್ಕಾ?"

"ಮಾತಾಡಕ್ಕೆ ಕಣಮ್ಮಿ."

ಪುಟ್ಟಮಾದಮ್ಮ "ಬತ್ತೀನಿ" ಅಂದಳು.

ಗುರುವಾರ ಎಂದಿನಂತೆ ಒಲೆ ಹತ್ತಿತು, ಈರುಳ್ಳಿ ಬೆಂದಿತು, ಕರಿಬೇವಿನ ವಾಸನೆ ಸಭೆಯ ಕೊನೆಯ ಕುರ್ಚಿಯವರೆಗೂ ಹೋಯಿತು. ಹಾಜರಾತಿ ಪುಸ್ತಕವೂ ಹಿಂದಕ್ಕೆ ಬಂತು.

"ತಕ್ಕೊಂಡೋಗಪ್ಪ," ಅಂದಳು ಮಲ್ಲಾಜಮ್ಮ. "ಇವತ್ತು ಒಳಗೇ ಬಂದು ಆಕ್ತೀವಿ."

ಅವನು ಕಣ್ಣು ಬಿಟ್ಟುಕೊಂಡು ಹೋದ. ಉಪ್ಪಿಟ್ಟು ಇಳಿಸಿ ಒಳಗೆ ಹೋಗೋಣ ಅಂತ ಮಲ್ಲಾಜಮ್ಮನ ಲೆಕ್ಕ. ಆದರೆ ರವೆ ಸುರಿದು ಸೌಟು ಆಡಿಸುತ್ತಿರುವಾಗಲೇ ಮೈಕಿನಲ್ಲಿ ಪಂಚಾಯ್ತಿ ಅಧ್ಯಕ್ಷ ಗಂಗಾಧರಸ್ವಾಮಿಯ ದನಿ ಕೇಳಿತು. "ಹಂಗಾರೆ ಈ ವರ್ಷ ದೇವಸ್ಥಾನದ ಕಮಾನಿಗೆ ದೀಪ. ಬೇರೆ ವಿಷಯ ಇಲ್ದಿದ್ರೆ ಸಭೆ ಮುಗಿಸವಾ."

ಈಗ ಹೋಗದಿದ್ದರೆ ಇನ್ನು ಆರು ತಿಂಗಳು. ಬಿಂದುವಿನ ಕೆಲಸ ಉಳಿಯುವುದಿಲ್ಲ. ಈಗ ಹೋದರೆ ಉಪ್ಪಿಟ್ಟು ಉಳಿಯುವುದಿಲ್ಲ. ಸರಿಯಾಗಿ ಆಗಲೇ ಬೆಟ್ಟಸ್ವಾಮಿ ಹಿಂದಕ್ಕೆ ಬಂದ. "ಏನಮ್ಮಿ, ಆಯ್ತಾ? ಎಲ್ರೂ ಕಾಯ್ತಾವ್ರೆ."

"ತಕ್ಕಳಿ," ಅಂತ ಮಲ್ಲಾಜಮ್ಮ ಸೌಟನ್ನು ಅವನ ಕೈಗೆ ಇಟ್ಟಳು. "ಕೈ ಬುಡ್ದಂಗೆ ತಿರುವ್ತಾ ಇರಿ. ಈಗ್ ಬಂದೆ."

ಬೆಟ್ಟಸ್ವಾಮಿ ನೇಗಿಲು ಹಿಡಿದವನು, ಟಿಲ್ಲರ್ ಹಿಡಿದವನು. ಸೌಟು ಹಿಡಿದವನಲ್ಲ. ಇದನ್ನೇನು ಮಾಡಲಿ ಅಂತ ಕೇಳುವಷ್ಟರಲ್ಲಿ ಹೆಂಗಸರೆಲ್ಲ ಹೆಂಡತಿಯ ಹಿಂದೆ ಹೊರಟಾಗಿತ್ತು.

ಸಭೆಯ ಬಾಗಿಲಲ್ಲಿ ಪುಟ್ಟಮಾದಮ್ಮ ನಿಂತುಬಿಟ್ಟಳು. ಕೆಳಗಿನ ಬೀದಿಯವರು ಯಾವಾಗಲೂ ಕೂರುತ್ತಿದ್ದದ್ದು ಬಾಗಿಲ ಪಕ್ಕದ ನೆಲದ ಮೇಲೆ. ಆಕೆಯ ಕಾಲು ಅಲ್ಲಿಗೇ ತಿರುಗಿತು. ಮಲ್ಲಾಜಮ್ಮ ನಾಲೆ ಏರಿಯ ಮೇಲೆ ಹಿಡಿದ ಹಾಗೆಯೇ ಆಕೆಯ ಕೈ ಹಿಡಿದು ಮೈಕಿನ ತನಕ ಕರೆದುಕೊಂಡು ಹೋದಳು.

"ಏನ್ ಮಲ್ಲಾಜಕ್ಕ, ಉಪ್ಪಿಟ್ಟು ಆಯ್ತಾ?" ಅಂದ ಗಂಗಾಧರಸ್ವಾಮಿ.

"ಉಪ್ಪಿಟ್ಟ ನಮ್ಮೋರು ತಿರುವ್ತಾವ್ರೆ. ನಾವು ಮಾತಾಡಕ್ಕೆ ಬಂದಿವಿ."

ಸಭೆಯೆಲ್ಲ ಗೊಳ್ಳನೆ ನಕ್ಕಿತು. ಮಲ್ಲಾಜಮ್ಮ ಹಿಂದಿನ ದಿನವೆಲ್ಲ ಹಸುವಿನ ಮುಂದೆ ನಿಂತು ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ನಂಜೇಶ ಅನ್ನುವ ಹುಡುಗ ಬೈಕಿನ ಕೀಲಿಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದ. ಆ ಕೀಲಿ ನೋಡಿದ್ದೇ ತಡ, ಮಾತು ತಾನಾಗಿ ಬಂತು.

"ನಾಲೆ ದಾರಿಗೆ ದೀಪ ಬೇಕು. ಇಷ್ಟು ವರ್ಷ ಯಾರೂ ಯಾಕೆ ಕೇಳ್ನಿಲ್ಲ ಗೊತ್ತಾ? ನಿಮ್ ಗಾಡೀಲಿ ಲೈಟ್ ಅದೆ. ಅದ್ಕೇ ನಿಮ್ಗೆ ಆ ದಾರೀಲಿ ಕತ್ಲೆ ಇರೋದು ಕಾಣಕ್ಕಿಲ್ಲ. ನಡ್ಕೊಂಡು ಬರೋರ್ಗೆ ಕಾಣ್ತದೆ. ನನ್ ಮಗಳ ವೇಲು ಎಳುದ್ರು, ಬಿದ್ದು ಕೈ ತರ್ಚ್ಕೊಂಡ್ಳು. ಈಗ ಅವ್ಳು ಕೆಲಸ ಬುಡ್ಬೇಕು ಅಂತಾಗದೆ. ದೀಪ ಇಲ್ದೇ ಇರೋದು ಪಂಚಾಯ್ತೀದು, ಕೆಲಸ ಬುಡೋದು ನನ್ ಮಗಳಾ?"

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಣ್ಮಕ್ಳು ಒತ್ತು ಮುಳುಗೋದ್ರೊಳ್ಗೆ ಮನೆಗೆ ಬರ್ಲಿ ಬುಡಕ್ಕ," ಅಂದ ನಂಜೇಶ.

ಪುಟ್ಟಮಾದಮ್ಮ ಮೊದಲ ಸಲ ಆ ಭವನದಲ್ಲಿ ಬಾಯಿ ತೆರೆದಳು.

"ಬಸ್ಸು ನಮ್ ಮಾತು ಕೇಳಕ್ಕಿಲ್ಲ ಕಣಪ್ಪ. ನಿನ್ ತಂಗಿ ಕಾಲೇಜಿಂದ ಅದೇ ದಾರೀಲಿ ಬತ್ತದೆ. ಮೊನ್ನೆ ಲೇಟಾಗಿ ಸೇತುವೆ ತಾವ ಅಳ್ತಾ ನಿಂತಿತ್ತು. ನಾನೇ ಟಾರ್ಚ್ ಬುಟ್ಕೊಂಡು ಮನೆಗಂಟ ಕರ್ಕೊಂಡು ಬಂದೆ. ಬೇಕಾರೆ ಓಗಿ ಕೇಳು."

ನಂಜೇಶನ ಬೆರಳಲ್ಲಿ ಕೀಲಿ ನಿಂತಿತು. ಮೆಲ್ಲಗೆ ಅದನ್ನು ಜೇಬಿಗೆ ಹಾಕಿಕೊಂಡ.

"ಕಮಾನು ದೇವ್ರ ಕೆಲಸ ಅಲ್ವಾ ಮಲ್ಲಾಜಕ್ಕ," ಅಂದ ಗಂಗಾಧರಸ್ವಾಮಿ ಮೆತ್ತಗೆ. "ನಾಲೇದು ಮುಂದಿನ ವರ್ಷ ನೋಡವಾ."

"ದೇವ್ರಿಗೆ ಕತ್ಲೆ ಭಯ ಇಲ್ಲ ಸ್ವಾಮಿ. ಮಕ್ಳಿಗದೆ. ಮೊದ್ಲು ಅವ್ರಿಗೆ ಆಕ್ಸಿ," ಅಂದಳು ಮಲ್ಲಾಜಮ್ಮ.

ಕುರ್ಚಿಯಿಂದ ವೆಂಕಟಲಕ್ಷ್ಮಿ ಟೀಚರು ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದವರು ತಟ್ಟಿದರು. ಮೇಜಿನ ಮುಂದೆ ಕೂತಿದ್ದ ಪಂಚಾಯ್ತಿ ಅಧಿಕಾರಿ ಮೇಡಂ ಪೆನ್ನು ಕೈಗೆ ತೆಗೆದುಕೊಂಡು, "ಠರಾವಿಗೆ ಬರ್ಕೋತೀನಿ, ಬರೆದ ಮೇಲೆ ಓದಿ ಹೇಳ್ತೀನಿ. ಒಪ್ಪಿಗೆ ಇರೋರು ಕೈ ಎತ್ತಿ" ಅಂದರು.

ಹೆಂಗಸರು ಎತ್ತಿದರು. ಕೆಳಗಿನ ಬೀದಿಯವರು ಎತ್ತಿದರು. ನಂಜೇಶ ಎತ್ತಿದ. ಗಂಗಾಧರಸ್ವಾಮಿ ಸಭೆಯನ್ನೊಮ್ಮೆ ನೋಡಿ ತಾನೂ ಎತ್ತಿದ. ಆಗ ಎಲ್ಲರ ಮೂಗಿಗೂ ಸೀದ ವಾಸನೆ ಬಡಿಯಿತು. ತಿರುಗಿ ನೋಡಿದರೆ ಹಿಂದಿನ ಬಾಗಿಲಲ್ಲಿ ಬೆಟ್ಟಸ್ವಾಮಿ. ಹೆಂಡತಿಯ ದನಿ ಮೈಕಿನಲ್ಲಿ ಕೇಳಿದ್ದೇ ಒಲೆ ಬಿಟ್ಟು ಬಂದು ಪೂರ್ತಿ ಕೇಳಿಸಿಕೊಂಡಿದ್ದ. ಎಲ್ಲರೂ ಕೈ ಎತ್ತಿದ್ದು ಕಂಡು ಅವನೂ ಎತ್ತಿದ್ದ. ಎತ್ತಿದ ಕೈಯಲ್ಲಿ ಸೌಟು, ಸೌಟಿನಿಂದ ಉಪ್ಪಿಟ್ಟು ಅವನ ಬಿಳಿ ಪಂಚೆಯ ಮೇಲೆ ಉದುರುತ್ತಿತ್ತು. ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಅಂತ ಇವತ್ತಿಗೂ ವಾದಿಸುತ್ತಾನೆ.

ಆ ದಿನದಷ್ಟು ನಗುವನ್ನು ಆ ಭವನದ ಗೋಡೆಗಳು ಹಿಂದೆಂದೂ ಕೇಳಿರಲಾರವು.

ದಬರಿ ನೋಡಿದರೆ ತಳ ಕರ್ರಗೆ ಹಿಡಿದಿತ್ತು. ಪುಟ್ಟಮಾದಮ್ಮ ಬೆಟ್ಟಸ್ವಾಮಿಯ ಕೈಯಿಂದ ಸೌಟು ತೆಗೆದುಕೊಂಡಳು. "ಬುಡಿ, ಮೇಲ್ಗಡೇದು ಚೆಂದಾಗದೆ" ಅಂತ ಎತ್ತಲು ಹೋದವಳು ಒಮ್ಮೆಲೇ ನಿಂತಳು. ಸೌಟು ತನ್ನ ಕೈಯಲ್ಲಿದೆ ಅನ್ನುವುದು ಆಗ ಅರಿವಿಗೆ ಬಂದಿತ್ತು. ಸುತ್ತ ನಿಂತವರ ಕಣ್ಣೂ ಸೌಟಿನ ಮೇಲೆ. ಮಲ್ಲಾಜಮ್ಮ ತಟ್ಟೆ ತೆಗೆದುಕೊಂಡು ಮುಂದೆ ಚಾಚಿದಳು.

"ಆಕು ಪುಟ್ಟಮಾದಕ್ಕ. ಒಟ್ಟೆ ಅಸೀತದೆ."

ಅಕ್ಕ ಅನ್ನಿಸಿಕೊಂಡವಳು ಬಡಿಸಿದಳು. ಮಲ್ಲಾಜಮ್ಮ ಒಂದು ತುತ್ತು ತಿಂದು, "ಉಪ್ಪು ಜಾಸ್ತಿ ಆಗದೆ, ನಂದೇ ತಪ್ಪು" ಅಂದಳು. ಟೀಚರು ತಟ್ಟೆ ಹಿಡಿದರು. ಬೆಟ್ಟಸ್ವಾಮಿ ಹಿಡಿದ. ಆಮೇಲೆ ಸಾಲೇ ನಿಂತಿತು. ಒಬ್ಬಿಬ್ಬರು ಹಸಿವಿಲ್ಲ ಅಂತ ಜಾರಿಕೊಂಡರು, ಅವರ ಪಾಲು ನಂಜೇಶನಿಗೆ ಸಿಕ್ಕಿತು.

ಹೇಳಿದ ಮಾರನೆಯ ದಿನವೇ ದೀಪ ಬರಲಿಲ್ಲ. ಹೆಂಗಸರು ಪಂಚಾಯ್ತಿಗೆ ಮತ್ತೆ ಹೋಗಿ ಠರಾವು ಏನಾಯಿತು ಅಂತ ಕೇಳಿದರು, ಇನ್ನೊಮ್ಮೆಯೂ ಕೇಳಿದರು. ಒಂದು ಸಂಜೆ ನಾಲೆ ಏರಿಯ ಕಂಬಗಳೆಲ್ಲ ಬೆಳಗಿದವು. ಬಾಳೆ ಎಲೆಗಳು ಹಸಿರಾಗಿ ಕಂಡವು. ದೀಪ ಆರಿಸಿಕೊಂಡು ಬರುವ ಬೈಕಿಗೆ ಅಲ್ಲಿ ಕೆಲಸವಿರಲಿಲ್ಲ. ಬಿಂದುಶ್ರೀ ಈಗ ಲೈನ್ ಲೀಡರ್. ಅವಳ ಲೈನಿನಲ್ಲೇ ಮಹದೇವಿ ಇದ್ದಾಳೆ, ಇಬ್ಬರೂ ಜಗಳವಾಡುತ್ತಾರೆ, ಒಂದೇ ಬಾಕ್ಸಿನಲ್ಲಿ ಉಣ್ಣುತ್ತಾರೆ. ಮಗಳ ಕೆಲಸದ ಮಾತು ಬಂದರೆ ಬೆಟ್ಟಸ್ವಾಮಿ, "ನಾನ್ ಬೇಡ ಅಂದಿದ್ನಾ? ಯಾವಾಗ?" ಅನ್ನುತ್ತಾನೆ. ಈಗ ಗ್ರಾಮಸಭೆಯ ದಿನ ಗಂಡಸರೂ ಹೆಂಗಸರೂ ಕೂಡಿ ಬೆಳಿಗ್ಗೆಯೇ ತಿಂಡಿ ಮುಗಿಸಿ, ಒಲೆ ಆರಿಸಿ, ಆಮೇಲೆ ಸಭೆಗೆ ಕೂರುತ್ತಾರೆ. ನೆಲದ ಮೇಲೆ ಒಂದೇ ಜಮಖಾನೆ, ಯಾರು ಎಲ್ಲಿ ಬೇಕಾದರೂ ಕೂರಬಹುದು.

ಅಕ್ಕಂದಿರೇ, ತಂಗಿಯರೇ, ನಿಮ್ಮ ಊರಿನ ಗ್ರಾಮಸಭೆ ಯಾವತ್ತು ಅಂತ ಪಂಚಾಯ್ತಿಯಲ್ಲಿ ಕೇಳಿ ತಿಳಿದುಕೊಳ್ಳಿ. ಅಡುಗೆಮನೆಗೆ ಬಂದ ಹಾಜರಾತಿ ಪುಸ್ತಕಕ್ಕೆ ರುಜು ಹಾಕಬೇಡಿ, ಒಳಗೆ ಹೋಗಿ ಕೂತು ಹಾಕಿ. ಹೋಗುವಾಗ ಬಾಗಿಲ ಬಳಿ ನಿಂತವರ ಕೈ ಹಿಡಿದು ಜೊತೆಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಯಾರಾದರೂ ಕಾಟ ಕೊಟ್ಟರೆ ಮಗಳನ್ನು ಮನೆಯಲ್ಲಿ ಕೂರಿಸಬೇಡಿ, 112ಕ್ಕೆ ಫೋನ್ ಮಾಡಿ, ಸಭೆಯಲ್ಲಿ ಎದ್ದು ಹೇಳಿ. ಅಣ್ಣಂದಿರೇ, ಅಷ್ಟು ಹೊತ್ತು ಸೌಟು ನೀವು ಹಿಡಿಯಿರಿ. ಉಪ್ಪಿಟ್ಟು ಸ್ವಲ್ಪ ತಳ ಹಿಡಿದರೂ ಪರವಾಗಿಲ್ಲ, ಕೆಂಚನಕಟ್ಟೆಯಲ್ಲಿ ಅವತ್ತು ದಬರಿ ಪೂರ್ತಿ ಖಾಲಿಯಾಯಿತು.